ಆಟವನ್ನು ತೂಗುವವನ ಹೊತ್ತು



ವಿಡಿಯೋ ಗೇಮ್ ವಿಮರ್ಶೆಯನ್ನು ಕುರಿತ ಈ ವಿಚಾರಸಂಕಿರಣದ ಆಶಯವನ್ನು ನಿವೇದಿಸುವ ಕಾರ್ಯವನ್ನು ತಾವು ನನಗೆ ಒಪ್ಪಿಸಿದಾಗ, ವಿಮರ್ಶೆಯ ತತ್ತ್ವವನ್ನು ಪ್ರತಿಪಾದಿಸುವುದಕ್ಕಿಂತ, ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲೂ ಸೇರದೆ, ಲೇಖನಕ್ಕಿಷ್ಟು ಎಂಬ ಕರಾರಿನ ಮೇಲೆ ಜೀವಿಸುವ ಫ್ರೀಲಾನ್ಸ್ ವಿಮರ್ಶಕನ ಹೊತ್ತು ಹೇಗೆ ವ್ಯಯವಾಗುತ್ತದೆಂಬುದನ್ನು ಅರಿಕೆಮಾಡುವುದೇ ಯುಕ್ತವೆಂದು ನನಗೆ ತೋರಿತು. ನಮ್ಮ ಬರಹದ ದೋಷಗಳಲ್ಲಿ ಬಹುಭಾಗವು ರಸಜ್ಞತೆಯ ಕೊರತೆಯಿಂದ ಬಂದುದೆಂದು ಜನರು ಭಾವಿಸುತ್ತಾರೆ. ಅದು ಕಾಲದ ಕೊರತೆಯಿಂದ ಬಂದುದೆಂಬುದು ನನ್ನ ದೃಢವಾದ ನಂಬಿಕೆ.

ಸಂಗೀತ ಕಚೇರಿಯನ್ನು ಕುರಿತು ಬರೆಯುವವನಿಗೆ ಮೂರು ಗಂಟೆಗಳ ಶ್ರವಣ ಸಾಕು. ಕಾದಂಬರಿಯನ್ನು ವಿಮರ್ಶಿಸುವವನು ತನಗೆ ಎಟುಕದ ಅಧ್ಯಾಯವನ್ನು ದಾಟಿಯಾದರೂ ಮುಂದಿನದನ್ನು ಓದಬಲ್ಲನು. ಗೇಮಿನ ಸ್ವಭಾವವೇ ಬೇರೆ. ಕೈಪಳಗದವನಿಗೆ ಅದು ಮುಂದಿನ ಬಾಗಿಲನ್ನು ತೆರೆಯುವುದಿಲ್ಲ. ಒಬ್ಬ ಬಾಸ್‌ನೆದುರು ಇರುಳೆಲ್ಲ ಸೋತು, ಬೆಳಗಿನ ಜಾವಕ್ಕೆ ಗೆದ್ದು, ಆ ಸೋಲು ನ್ಯಾಯವಾದ ಕಾಠಿಣ್ಯದಿಂದ ಒದಗಿದುದೋ, ರಚನೆಯ ದೋಷದಿಂದ ಒದಗಿದುದೋ, ಅಥವಾ ತನ್ನ ಆಯಾಸದಿಂದಲೇ ಒದಗಿದುದೋ ಎಂಬುದನ್ನು ವಿವೇಚಿಸಿ ವಿಮರ್ಶಕನು ಎರಡು ವಾಕ್ಯಗಳಲ್ಲಿ ಹೇಳಬೇಕಾಗುತ್ತದೆ. ಆ ಎರಡು ವಾಕ್ಯಗಳಿಗೆ ಸಂಭಾವನೆಯುಂಟು. ಆ ಇರುಳಿಗೆ ಇಲ್ಲ.

ಪ್ರಕಾಶಕರ ಪ್ರಚಾರ ವಿಭಾಗದಿಂದ ಗೇಮನ್ನು ಆಡಲು ಕೋಡ್ ಬರುತ್ತದೆ, ಅದರೊಡನೆ ಇಂಥ ಹೊತ್ತಿಗೆ ಮುನ್ನ ಪ್ರಕಟಿಸಬಾರದೆಂಬ ಎಂಬಾರ್ಗೋ ಗಡುವೂ ಬರುತ್ತದೆ. ಅಮೆರಿಕದ ಪೂರ್ವತೀರದಲ್ಲಿ ಬೇಸಗೆಯ ಬೆಳಗ್ಗೆ 9 ಗಂಟೆಯೆಂದರೆ, ಬೆಂಗಳೂರಿನ ಕೋಣೆಯಲ್ಲಿ ಕುಳಿತು ಅಲ್ಲಿಯ ಪತ್ರಿಕೆಗೆ ಬರೆಯುವ ನನ್ನಂಥವನಿಗೆ ಸಂಜೆ 6:30. ಬರಹ ಆ ಕ್ಷಣಕ್ಕೆ ಸಿದ್ಧವಿಲ್ಲದಿದ್ದರೆ ಓದುಗರು ಬೇರೆಡೆಗೆ ಹೋಗಿಬಿಡುತ್ತಾರಾದಕಾರಣ, ಸಂಪಾದಕರು ಅವಸರಪಡುವುದರಲ್ಲಿ ತಪ್ಪೇನಿಲ್ಲ. ಆದರೆ 2023ರ ಆಗಸ್ಟ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಬಿಡುಗಡೆಯಾದಾಗ ಏನಾಯಿತೆಂಬುದನ್ನು ತಾವು ನೆನೆಯಬೇಕು. ಒಮ್ಮೆ ಮುಗಿಸುವುದಕ್ಕೇ 75ರಿಂದ 100 ಗಂಟೆಗಳನ್ನು ಬೇಡುವ ಆ ಕೃತಿ ವಿಮರ್ಶಕರ ಕೈಸೇರಿದ್ದು ಬಿಡುಗಡೆಗೆ ಕೆಲವೇ ದಿನಗಳ ಮುಂಚೆ. ಹಲವರು ಅಪೂರ್ಣವೆಂದು ಸ್ಪಷ್ಟವಾಗಿ ನಮೂದಿಸಿ ಮೊದಲ ಅನಿಸಿಕೆಯನ್ನಷ್ಟೇ ಪ್ರಕಟಿಸಿದರು. ಅದು ಪ್ರಾಮಾಣಿಕರ ಮಾರ್ಗವೆಂದು ನಾನು ಬಗೆಯುತ್ತೇನೆ.

ಇನ್ನು ಹಣದ ಮಾತು. ಆರು ಗಂಟೆಗಳಲ್ಲಿ ಮುಗಿಯುವ ಗೇಮಿಗೂ ಅರವತ್ತು ಗಂಟೆಗಳದಕ್ಕೂ ಸಂಭಾವನೆ ಸಾಮಾನ್ಯವಾಗಿ ಒಂದೇ; ಎಂದಮೇಲೆ ಎರಡನೆಯದನ್ನು ಕೊನೆಯವರೆಗೆ ಆಡಿದವನು ಗಂಟೆಯ ಲೆಕ್ಕದಲ್ಲಿ ಮೊದಲನೆಯದರ ಹತ್ತರಲ್ಲೊಂದು ಪಾಲನ್ನು ಸಂಪಾದಿಸುತ್ತಾನೆ, ಅರ್ಧಕ್ಕೆ ಬಿಟ್ಟು ಬರೆದವನು ಅದರ ಇಮ್ಮಡಿಯನ್ನು. ಶ್ರದ್ಧೆಗೆ ದಂಡವನ್ನೂ ಉಪೇಕ್ಷೆಗೆ ಬಹುಮಾನವನ್ನೂ ವಿಧಿಸುವ ಏರ್ಪಾಡು ಇದು. ಒಮ್ಮೆ ನಾನು ಮೂವತ್ತು ಗಂಟೆ ಆಡಿದ ಮೇಲೆ ಬಂದ ಪ್ಯಾಚ್ ಒಂದು ನನ್ನ ಸೇವ್ ಅನ್ನು ಅಳಿಸಿಹಾಕಿತು. ಮೊದಲಿನಿಂದ ಆಡಿ, ಗಡುವಿಗೆ ಸರಿಯಾಗಿ ಲೇಖನವನ್ನು ಒಪ್ಪಿಸಿದೆನು. ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ. ಪ್ರಕಟವಾದ ಬಳಿಕವೇ ಹಣವೆಂಬ ಕರಾರಿದ್ದುದರಿಂದ ನನ್ನ ಇನ್‌ವಾಯ್ಸ್‌ಗೆ ಉತ್ತರವೂ ಬರಲಿಲ್ಲ. ಅಂದಿನಿಂದ ನಾನು ಪ್ರತಿಸಲ ಆಡಲು ಕುಳಿತ ಹೊತ್ತಿನ ಆರಂಭ, ಅಂತ್ಯ, ಆಡಿದ ಯಂತ್ರ, ಆ ದಿನದ ಪ್ಯಾಚಿನ ಸಂಖ್ಯೆ ಇವಿಷ್ಟನ್ನೂ ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ.

ಯಂತ್ರವನ್ನು ಬರೆದಿಡುವುದಕ್ಕೆ ಕಾರಣವುಂಟು. 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಹೊರಬಂದಾಗ, ಮುಂಗಡವಾಗಿ ವಿಮರ್ಶಕರಿಗೆ ದೊರೆತದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡುವಾಗ ಕಂಡ ದೃಶ್ಯವನ್ನು ಬಿಡುಗಡೆಗೆ ಮುನ್ನ ತೋರಿಸುವ ಅನುಮತಿಯೂ ಅವರಿಗಿರಲಿಲ್ಲ. ಹಳೆಯ ಕನ್ಸೋಲ್‌ಗಳಲ್ಲಿ ಅದೇ ಗೇಮ್ ಎಷ್ಟು ಕೆಟ್ಟದಾಗಿ ಓಡುತ್ತಿತ್ತೆಂಬುದು ಹಣ ತೆತ್ತು ಕೊಂಡವರಿಗೆ ತಿಳಿದ ಮೇಲೆ, ಒಂದು ವಾರದ ಬಳಿಕ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. ಪಿಸಿಯಲ್ಲಿ ಆಡಿ ಬರೆದವರ ಮಾತು ಸುಳ್ಳಾಗಿರಲಿಲ್ಲ. ಅದು ಯಾವ ಯಂತ್ರದ ಮಾತೆಂಬುದು ಓದುಗನ ಕಣ್ಣಿಗೆ ಸಾಕಷ್ಟು ಬೀಳಲಿಲ್ಲ.

ದಣಿದವನು ಕೊಡುವ ಅಂಕವು ಇತರರ ಅನ್ನವನ್ನೂ ತಟ್ಟುವುದುಂಟು. ಫಾಲ್‌ಔಟ್: ನ್ಯೂ ವೇಗಸ್ ಗೇಮಿಗೆ ಮೆಟಾಕ್ರಿಟಿಕ್‌ನಲ್ಲಿ 85 ಅಂಕ ಬಂದಿದ್ದರೆ ಅದನ್ನು ರಚಿಸಿದ ಅಬ್ಸಿಡಿಯನ್ ಸಂಸ್ಥೆಗೆ ಬೋನಸ್ ದೊರೆಯುತ್ತಿತ್ತೆಂದೂ, ಬಂದದ್ದು 84 ಎಂದೂ 2012ರಲ್ಲಿ ಆ ಸಂಸ್ಥೆಯ ಕ್ರಿಸ್ ಅವೆಲೋನ್ ತಿಳಿಸಿದರು. ಹತ್ತಾರು ವಿಮರ್ಶಕರ ಅಂಕಗಳ ಸರಾಸರಿ ಅದು. ಅವರಲ್ಲಿ ಯಾರು ಎಷ್ಟು ಹೊತ್ತು ಆಡಿದ್ದರೆಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಈ ಎರಡು ದಿನಗಳ ಗೋಷ್ಠಿಗಳಲ್ಲಿ ಅಂಕ ಬೇಕೇ ಬೇಡವೇ ಎಂಬ ಚರ್ಚೆ ನಡೆಯಲಿ. ಅದರ ಕುರಿತು ನನಗೆ ಹಟವಿಲ್ಲ. ಸಭೆಯಲ್ಲಿರುವ ಸಂಪಾದಕರಲ್ಲಿ ನನ್ನ ಪ್ರಾರ್ಥನೆ ಬೇರೆ. ಪ್ರತಿಯೊಂದು ವಿಮರ್ಶೆಯ ತಲೆಯಲ್ಲಿ ಬರೆದವನು ಎಷ್ಟು ಗಂಟೆ, ಯಾವ ಯಂತ್ರದಲ್ಲಿ ಆಡಿದನು, ಮುಗಿಸಿದನೋ ಇಲ್ಲವೋ ಎಂಬುದನ್ನು ಅಚ್ಚುಮಾಡಿರಿ. ಗೇಮಿನ ದೈರ್ಘ್ಯವನ್ನು ನೋಡಿ ಸಂಭಾವನೆಯನ್ನು ಗೊತ್ತುಮಾಡಿರಿ. ಮತ್ತು ಅದನ್ನು ಲೇಖನ ಒಪ್ಪಿಸಿದ ದಿನದಿಂದ ಲೆಕ್ಕ ಹಿಡಿದು ಸಲ್ಲಿಸಿರಿ.