ಖಿನ್ನತೆಯ ಚಿಕಿತ್ಸೆಗೂ ಲೆಕ್ಕ ಬೇಕು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲಿಂದ ನಾವು ಮಾತನಾಡುವುದು ಸಾಮಾನ್ಯವಾಗಿ ಬೋನಸ್ಸು, ತುಟ್ಟಿಭತ್ಯ, ತೆರಿಗೆ ಇವುಗಳ ವಿಚಾರವಾಗಿ. ಇಂದು ಒಂದು ಕಾಯಿಲೆಯ ವಿಚಾರ ಎತ್ತಿಕೊಂಡಿದ್ದೇವೆ. ಕಾಯಿಲೆಗೂ ಪಕ್ಷಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಕಾಯಿಲೆ ಬಿದ್ದ ದಿನ ಕೂಲಿ ಹೋಗುವುದು ಯಾರದು, ಅಂಗಡಿಯ ಬಾಗಿಲು ಮುಚ್ಚುವುದು ಯಾರದು ಎಂದು ಅವರನ್ನೇ ಮರಳಿ ಕೇಳುತ್ತೇವೆ.

ನೂಲಿನ ಗಿರಣಿಯ ನಮ್ಮ ಸಂಗಾತಿಯೊಬ್ಬರ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ಇಪ್ಪತ್ತು ವರ್ಷ ಒಂದು ಪಾಳಿಯನ್ನೂ ತಪ್ಪಿಸದ ಮನುಷ್ಯ. ಹಿರಿಯ ಮಗಳ ಮದುವೆಯ ಸಾಲ ತೀರಿದ ಮೇಲೆ, ಇನ್ನು ನೆಮ್ಮದಿಯೆನ್ನುವ ಹೊತ್ತಿಗೆ, ನಸುಕಿನ ಮೂರು ಗಂಟೆಗೇ ಎಚ್ಚರವಾಗತೊಡಗಿತು. ಊಟ ರುಚಿಸದು, ಕೈಕಾಲು ಎತ್ತಲಾಗದು, ಎಳೆ ಹರಿದರೆ ಗಂಟು ಹಾಕುವ ಕೆಲಸವೂ ಬೆಟ್ಟದಷ್ಟು ಭಾರ. ಆಸ್ಪತ್ರೆಗೆ ಹೋದರು. ಖಿನ್ನತೆ ಎಂದರು, ಗುಳಿಗೆ ಕೊಟ್ಟರು. ಅಲ್ಲಿಯವರೆಗೆ ಸರಿಯೇ. ಆ ಮೇಲೆ ಏಳು ತಿಂಗಳು ಅದೇ ಗುಳಿಗೆ, ಅದೇ ಪ್ರಮಾಣ. ತಿಂಗಳಿಗೊಮ್ಮೆ ಒಂದು ದಿನದ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲುವುದು, ವೈದ್ಯರು "ಹೇಗಿದ್ದೀರಿ?" ಎನ್ನುವುದು, ಇವರು "ಪರವಾಗಿಲ್ಲ ಸಾರ್" ಎನ್ನುವುದು, ಚೀಟಿಯ ಮೇಲೆ "ಅದೇ ಮುಂದುವರಿಸಿ" ಎಂದು ಬರೆಯುವುದು. ಮನೆಯಲ್ಲಿ ಹೆಂಡತಿಗೆ ಮಾತ್ರ ಗೊತ್ತು, ಪರವಾಗಿಲ್ಲ ಎಂಬುದು ಸುಳ್ಳೆಂದು.

ಆ ವೈದ್ಯರನ್ನು ನಾವು ದೂರುವುದಿಲ್ಲ. ಹೊರಗೆ ಸರದಿ ಬಾಗಿಲು ದಾಟಿ ನಿಂತಿತ್ತು. ನಮ್ಮ ಜನರಿಗಾದರೂ ದೊಡ್ಡವರ ಮುಂದೆ ಸಂಕಟ ಹೇಳಿಕೊಳ್ಳುವ ಅಭ್ಯಾಸವಿಲ್ಲ. ಹೇಳಿದರೂ ತಲೆನೋವು, ಎದೆಯುರಿ, ಬೇಜಾರು ಎಂದು ಹೇಳುತ್ತೇವೆಯೇ ಹೊರತು ಮನಸ್ಸಿನ ಮಾತು ಬಾಯಿಗೆ ಬಾರದು. ಕೇಳಿದ ರೀತಿಯೇ ತಪ್ಪಾದಾಗ ಉತ್ತರ ಸರಿಯಿರುವುದೆಂತು? ಗಿರಣಿಯ ಮಾಲಿಕನು ನಮ್ಮ ನೂಲಿನ ತೂಕವನ್ನು ಪಾಳಿಪಾಳಿಗೂ ಬರೆಯಿಸುತ್ತಾನೆ. ಅಂಗಡಿಕಾರರು ಉದ್ರಿಯ ಖಾತೆಯನ್ನು ಪೈಸೆ ಬಿಡದೆ ಬರೆಯುತ್ತಾರೆ. ಜ್ವರಕ್ಕೆ ಉಷ್ಣಮಾಪಕವಿದೆ, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯಿದೆ. ಮನಸ್ಸಿನ ಬೇನೆಗೆ ಮಾತ್ರ ಅಂದಾಜು ಸಾಕೆಂಬುದು ಯಾವ ನ್ಯಾಯ?

ಅಳತೆ ಇಲ್ಲದೆ ಇಲ್ಲ. 1960ರಲ್ಲಿಯೇ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ವೈದ್ಯರು ಖಿನ್ನತೆಯ ತೀವ್ರತೆಯನ್ನು ಅಂಕಗಳಲ್ಲಿ ಬರೆಯುವ ಪಟ್ಟಿಯೊಂದನ್ನು ಪ್ರಕಟಿಸಿದರು. ಅದನ್ನು ತುಂಬಲು ನುರಿತ ವೈದ್ಯರೇ ಬೇಕು, ಸಮಯವೂ ಬೇಕು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಒಂಬತ್ತು ಪ್ರಶ್ನೆಗಳ ಒಂದು ಹಾಳೆ, ಪಿ.ಎಚ್.ಕ್ಯೂ.-9 ಎಂದು ಅದರ ಹೆಸರು. ಅಮೆರಿಕದ ಸ್ಪಿಟ್ಜರ್, ವಿಲಿಯಮ್ಸ್, ಕ್ರೋಂಕಿ ಎಂಬವರು ಸಿದ್ಧಪಡಿಸಿದ್ದು. ಅದರ ಪರೀಕ್ಷೆಯ ಫಲ 2001ರಲ್ಲಿ ಪ್ರಕಟವಾಯಿತು. ಹಣ ಕೊಟ್ಟದ್ದು ಫೈಜರ್ ಎಂಬ ಔಷಧದ ಕಂಪೆನಿ ಎಂಬುದನ್ನು ಈ ಸಭೆಯಲ್ಲಿ ಮುಚ್ಚಿಡುವುದು ಸರಿಯಲ್ಲ. ಗುಳಿಗೆ ಮಾರುವವನು ಕಾಯಿಲೆಯ ತಕ್ಕಡಿಯನ್ನೂ ಮಾಡಿಸಿದನೆಂದರೆ ಹುಬ್ಬೇರಿಸಬೇಕಾದದ್ದೇ. ಆದರೆ ಆ ಹಾಳೆಯನ್ನು ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು, ಕನ್ನಡದಲ್ಲಿಯೂ ಇದೆ. ಕಂಪೆನಿಯ ಸಂಬಂಧವಿಲ್ಲದ ವೈದ್ಯರೂ ಅನೇಕ ದೇಶಗಳಲ್ಲಿ ಅದನ್ನು ಒರೆಗೆ ಹಚ್ಚಿ ನೋಡಿದ್ದಾರೆ.

ಕೇಳುವುದಿಷ್ಟು: ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯದಲ್ಲಿ ಆಸಕ್ತಿ ಕುಂದಿತೇ, ಮನಸ್ಸು ಕುಗ್ಗಿತೇ, ನಿದ್ರೆ ಕೆಟ್ಟಿತೇ, ದಣಿವಾಯಿತೇ, ಹಸಿವು ಹೆಚ್ಚುಕಡಮೆಯಾಯಿತೇ, ನಾನು ಕೆಲಸಕ್ಕೆ ಬಾರದವನೆಂದು ತೋರಿತೇ, ಗಮನ ನಿಲ್ಲದಾಯಿತೇ, ನಡೆನುಡಿ ನಿಧಾನವಾಯಿತೇ ಅಥವಾ ಚಡಪಡಿಕೆಯಾಯಿತೇ, ಸತ್ತರೆ ಮೇಲೆಂಬ ಯೋಚನೆ ಬಂದಿತೇ. ಇಲ್ಲವೇ ಇಲ್ಲವೆಂದರೆ 0, ಕೆಲವು ದಿನವೆಂದರೆ 1, ಅರ್ಧಕ್ಕಿಂತ ಹೆಚ್ಚು ದಿನವೆಂದರೆ 2, ಬಹುತೇಕ ಪ್ರತಿದಿನವೆಂದರೆ 3. ಎಲ್ಲವೂ ಕೂಡಿ ಹೆಚ್ಚೆಂದರೆ 27. ಮೊತ್ತ 5ಕ್ಕಿಂತ ಕೆಳಗಿದ್ದರೆ ಬಾಧೆ ಇಲ್ಲವೆನ್ನುವಷ್ಟು ಕಡಮೆ; 10 ಮುಟ್ಟಿದರೆ ವೈದ್ಯರು ಕೂಲಂಕಷವಾಗಿ ನೋಡಬೇಕು; 20 ಮುಟ್ಟಿದರೆ ಬೇನೆ ಬಲವಾಗಿದೆ.

ಒಂದು ಸಲ ಬರೆದ ಅಂಕದಿಂದ ಹೆಚ್ಚೇನೂ ಆಗದು. ಗುಟ್ಟಿರುವುದು ಮತ್ತೆ ಮತ್ತೆ ಬರೆಯುವುದರಲ್ಲಿ. ಖಿನ್ನತೆಯ ಗುಳಿಗೆಗಳು ಸಂಜೆ ನುಂಗಿ ಬೆಳಗಾಗುವುದರಲ್ಲಿ ಗುಣ ಕೊಡುವಂಥವಲ್ಲ. ಕೆಲವು ವಾರ ಬೇಕು. ಆದರೆ ಸರಿಯಾಗಿ ಗುಳಿಗೆ ತೆಗೆದುಕೊಂಡೂ ನಾಲ್ಕಾರು ವಾರಗಳಲ್ಲಿ ಅಂಕ ಅಲುಗದೆ ನಿಂತಿದ್ದರೆ, ಪ್ರಮಾಣ ಏರಿಸಬೇಕು, ಇಲ್ಲವೇ ಔಷಧ ಬದಲಿಸಬೇಕು, ಇಲ್ಲವೇ ಮಾತಿನ ಚಿಕಿತ್ಸೆಯನ್ನು ಜೊತೆಗೂಡಿಸಬೇಕು. ಅಂಕ ಅರ್ಧಕ್ಕಿಳಿದರೆ ಔಷಧ ಹಿಡಿಯಿತೆಂದು ಅರ್ಥ, ಗುಣವಾಯಿತೆಂದಲ್ಲ. 5ಕ್ಕಿಂತ ಕೆಳಗಿಳಿಸುವುದೇ ಗುರಿ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳನ್ನು ಹೀಗೆಯೇ ಅಳೆಯುತ್ತ ಚಿಕಿತ್ಸೆ ಕೊಟ್ಟ ದೊಡ್ಡ ಅಧ್ಯಯನದ ವರದಿ 2006ರಲ್ಲಿ ಬಂದಿತು. ಮೊದಲನೆಯ ಔಷಧದಿಂದಲೇ ಪೂರ್ಣ ಗುಣ ಕಂಡವರು ಸುಮಾರು ಮೂರರಲ್ಲಿ ಒಬ್ಬರು. ಉಳಿದ ಇಬ್ಬರಿಗೆ "ಅದೇ ಮುಂದುವರಿಸಿ" ಎಂದು ಬರೆದರೆ ಏನಾದೀತು, ಯೋಚಿಸಿ.

ಚೀಣದ ಬೀಜಿಂಗಿನ ವೈದ್ಯರು ಇದನ್ನು ನೇರವಾಗಿ ಪರೀಕ್ಷಿಸಿದರು, ವರದಿ 2015ರದು. 120 ಜನ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎರಡಕ್ಕೂ ಅವೇ ಎರಡು ಔಷಧಗಳು. ಒಂದು ಗುಂಪಿನಲ್ಲಿ ವೈದ್ಯರು ತಮ್ಮ ಅನುಭವದಂತೆ ನಡೆದರು. ಇನ್ನೊಂದರಲ್ಲಿ ಅಂಕ ನೋಡಿ, ಮೊದಲೇ ಗೊತ್ತುಮಾಡಿದ ನಿಯಮದಂತೆ ಪ್ರಮಾಣ ತಿದ್ದಿದರು. 24 ವಾರಗಳ ಕೊನೆಗೆ ಅಂದಾಜಿನ ಗುಂಪಿನಲ್ಲಿ ಪೂರ್ಣ ಗುಣವಾದವರು ನೂರಕ್ಕೆ 28.8, ಲೆಕ್ಕದ ಗುಂಪಿನಲ್ಲಿ ನೂರಕ್ಕೆ 73.8. ಔಷಧ ಹೊಸದಲ್ಲ, ಆಸ್ಪತ್ರೆ ಹೊಸದಲ್ಲ. ಒಂದೇ ನಗರದ ಸಣ್ಣ ಪರೀಕ್ಷೆ ಇದು. ಎಲ್ಲೆಡೆಯೂ ಇಷ್ಟೇ ಅಂತರ ಬರುವುದೆಂದು ನಾವು ಹೇಳಲಾರೆವು. ಆದರೂ ಒಂದು ಹಾಳೆ, ಒಂದು ಪೆನ್ಸಿಲಿನ ಖರ್ಚಿಗೆ ಇದು ಕಡಮೆ ಲಾಭವೇ, ವ್ಯಾಪಾರಸ್ಥ ಮಿತ್ರರೇ ಹೇಳಲಿ.

ವೈದ್ಯರೇ ಸಾಲದ ನಮ್ಮ ದೇಶದಲ್ಲಿ ಇದಾದೀತೇ ಎಂಬುದು ಮುಂದಿನ ಪ್ರಶ್ನೆ. ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಸಲ ರೋಗಿಯೊಡನೆ ಕುಳಿತು ಮಾತಿನ ಚಿಕಿತ್ಸೆ ನಡೆಸಿದರು. ಫಲವನ್ನು ಅಳೆದದ್ದು ಇದೇ ಒಂಬತ್ತು ಪ್ರಶ್ನೆಗಳಿಂದ. ಮೂರು ತಿಂಗಳಲ್ಲಿ ಅಂಕ 10ಕ್ಕಿಂತ ಕೆಳಗಿಳಿದವರು ನೂರಕ್ಕೆ 64. ಈ ಚಿಕಿತ್ಸೆ ಸಿಗದವರಲ್ಲಿ ನೂರಕ್ಕೆ 39. ವರದಿ 2017ರಲ್ಲಿ ಪ್ರಕಟವಾಯಿತು. ಅಷ್ಟು ದೂರವೇಕೆ? ಬೆಂಗಳೂರಿನ ನಿಮ್ಹಾನ್ಸಿನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ತರಬೇತಿ ಕೊಟ್ಟರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂದಿತು. ದಾರಿ ತೋರಿದ್ದು ಕನ್ನಡ ನಾಡು. ಅದೇ ನಿಮ್ಹಾನ್ಸಿನವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆಯುಳ್ಳ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲವೆಂದು ಕಂಡುಬಂದಿತು!

ಇನ್ನು ನಮ್ಮ ಅನುಮಾನಗಳು. ಸಂಕಟವನ್ನು ಸಂಖ್ಯೆಯಾಗಿಸಿ ಮನುಷ್ಯನನ್ನು ಮರೆಯುತ್ತಾರೆಂಬ ಭಯ ನಮಗೂ ಇದೆ. ರಾತ್ರಿ ಪಾಳಿಯವನ ನಿದ್ರೆ ಕಾಯಿಲೆಯಿಲ್ಲದೆಯೂ ಕೆಟ್ಟಿರುತ್ತದೆ. ರಕ್ತಹೀನತೆಯಿಂದಲೋ ಥೈರಾಯ್ಡ್ ಗ್ರಂಥಿಯ ದೋಷದಿಂದಲೋ ದಣಿದ ಹೆಣ್ಣುಮಗಳ ಅಂಕವೂ ಏರುತ್ತದೆ. ಆದ್ದರಿಂದ ಹಾಳೆಯೇ ರೋಗ ಹೆಸರಿಸುವುದಿಲ್ಲ. ವೈದ್ಯರು ಕೂತು ಕೇಳಲೇಬೇಕು. ಹಿಂದೆ ಎಂದಾದರೂ ನಿದ್ರೆಯೇ ಬೇಡವೆನ್ನುವಷ್ಟು ವಿಪರೀತ ಉತ್ಸಾಹ ವಾರಗಟ್ಟಲೆ ಇದ್ದವರು ಅದನ್ನು ತಪ್ಪದೆ ವೈದ್ಯರಿಗೆ ಹೇಳಬೇಕು, ಏಕೆಂದರೆ ಅವರ ಔಷಧವೇ ಬೇರೆ. ಬಡ್ಡಿಯವನು ಬಾಗಿಲಲ್ಲಿ ಕೂತಿರುವಾಗ ಏರಿದ ಅಂಕವನ್ನು ಗುಳಿಗೆಯೊಂದೇ ಇಳಿಸಲಾರದು. ಆ ಜಗಳ ಗುಳಿಗೆಯ ಜೊತೆಗೇ ನಡೆಯಬೇಕಾದದ್ದು.

ಒಂಬತ್ತನೆಯ ಪ್ರಶ್ನೆಯ ಮಾತು ಬೇರೆ. ಸಾಯುವ ಯೋಚನೆಗೆ 1 ಎಂದು ಬರೆದಿದ್ದರೂ, ಒಟ್ಟು ಮೊತ್ತ ಎಷ್ಟೇ ಕಡಮೆಯಿದ್ದರೂ, ಆ ಹೊತ್ತಿನಲ್ಲಿಯೇ ವೈದ್ಯರು ಆ ಮಾತನ್ನು ಕೇಳಬೇಕು. ಮುಂದಿನ ತಿಂಗಳಿಗೆ ಹಾಕುವಂತಿಲ್ಲ. ಕೇಳಿದರೆ ಯೋಚನೆ ತಲೆಗೆ ಹೊಗುವುದೆಂಬುದು ತಪ್ಪು ಕಲ್ಪನೆ. ರಾತ್ರಿ ಹೊತ್ತು ಯಾರೂ ಇಲ್ಲದಾಗ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವವರಿದ್ದಾರೆ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ-ಮಾನಸ್ ಇದು, ಹಣ ಬೇಕಿಲ್ಲ.

ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು ಈ ಲೆಕ್ಕ ಯಾರ ಕೈಯಲ್ಲಿರಬೇಕೆಂಬುದು. ಕಾರ್ಮಿಕನ ಅಂಕ ಜಾಬರನ ಕಿವಿಗೆ ಬಿದ್ದರೆ "ತಲೆ ಕೆಟ್ಟವನು" ಎಂದು ಯಂತ್ರದಿಂದ ದೂರವಿಡುತ್ತಾರೆ. ಅಂಗಡಿಕಾರನದು ಸಗಟು ವ್ಯಾಪಾರಿಗೆ ತಿಳಿದರೆ ಉದ್ರಿ ನಿಲ್ಲುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆನ್ನುತ್ತದೆ. 25ನೆಯ ಕಲಮು ತನ್ನ ಚಿಕಿತ್ಸೆಯ ದಾಖಲೆ ನೋಡುವ ಹಕ್ಕನ್ನು ರೋಗಿಗೆ ಕೊಡುತ್ತದೆ. ಆದ್ದರಿಂದ ಜಿಲ್ಲಾ ಆಸ್ಪತ್ರೆಗೆ ನಾವು ಸಲ್ಲಿಸುವ ಮನವಿಯಲ್ಲಿ ಹೀಗೆ ಬರೆದಿದ್ದೇವೆ: ಪ್ರತಿ ಭೇಟಿಯಲ್ಲಿ ಅಂಕ ಬರೆಯಬೇಕು, ಅದರ ಪ್ರತಿಯೊಂದು ರೋಗಿಯ ಕೈಯಲ್ಲಿರಬೇಕು, ಓದುಬಾರದವರಿಗೆ ಆರೋಗ್ಯ ಕಾರ್ಯಕರ್ತರು ಮರೆಯಲ್ಲಿ ಕೂರಿಸಿ ಓದಿ ಹೇಳಬೇಕು, ಸರದಿಯ ಮುಂದೆ ಕೂಗಬಾರದು, ಗುಳಿಗೆಯ ದಾಸ್ತಾನು ನಡುವೆ ತೀರಬಾರದು. ಈ ಗುಳಿಗೆಗಳನ್ನು ಒಮ್ಮೆಗೇ ಬಿಟ್ಟರೆ ತಲೆಸುತ್ತು, ಕಳವಳ ಬರುತ್ತವೆ. ಗುಣ ಕಂಡ ಮೇಲೂ ಆರು ತಿಂಗಳಾದರೂ ತೆಗೆದುಕೊಳ್ಳಬೇಕಾಗುತ್ತದೆ.

ನಮ್ಮ ಸಂಗಾತಿಯ ಸಂಗತಿ ಅರ್ಧಕ್ಕೆ ಬಿಟ್ಟೆವು. ಎಂಟನೆಯ ತಿಂಗಳಲ್ಲಿ ಬೇರೆ ವೈದ್ಯೆಯೊಬ್ಬರು ಆ ಒಂಬತ್ತು ಪ್ರಶ್ನೆ ಕೇಳಿದರು. ಮೊತ್ತ 17 ಬಂದಿತು. ಪ್ರಮಾಣ ಏರಿಸಿದರು, ತಿಂಗಳಾದ ಮೇಲೆ 15. ಔಷಧ ಬದಲಿಸಿದರು, 9. ಮುಂದಿನ ತಿಂಗಳು ಗಿರಣಿಯಲ್ಲಿ ಕೆಲವರನ್ನು ಕೆಲಸದಿಂದ ತೆಗೆದರು, ಅಂಕ ಮತ್ತೆ 12ಕ್ಕೆ ಏರಿತು. ಈಗ 4ರಲ್ಲಿದೆ. ಆ ಅಂಕಗಳನ್ನೆಲ್ಲ ಅವರು ಹಳೆಯ ಪಗಾರ ಚೀಟಿಯ ಹಿಂದೆ ಬರೆದಿಟ್ಟುಕೊಂಡಿದ್ದಾರೆ. "ಈ ಸಲ ಪರವಾಗಿಲ್ಲ ಎನ್ನಲು ನನ್ನ ಹತ್ತಿರ ಪುರಾವೆ ಇದೆ" ಎನ್ನುತ್ತಾರೆ.

ಕನ್ನಡದ ಹಾಳೆಗಳನ್ನು ಅಚ್ಚು ಹಾಕಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ಒಯ್ಯಬಹುದು. ಯಾರೂ ಹೆಸರು ಬರೆಸಬೇಕಾಗಿಲ್ಲ.