ವಿಶ್ರಾಂತಿಯ ಪಾಲು

2020ರ ಜನವರಿ 23ರಂದು ಕೋವಿಡ್ ಸೋಂಕಿನಿಂದಾಗಿ ಚೀನಾದ ವುಹಾನ್ ನಗರಕ್ಕೆ ದಿಗ್ಬಂಧನ ಬಿತ್ತು. ಅದು ತೆರವಾಗಲು 76 ದಿನ ಬೇಕಾಯಿತು. ಅಲ್ಲಿನ ತಾತ್ಕಾಲಿಕ ಆಸ್ಪತ್ರೆಗಳಲ್ಲಿ ಸೋಂಕಿತರು ಹಾಸಿಗೆಗಳ ನಡುವೆ ನಿಂತು ತೈ ಚಿ ಎಂಬ ಚೀನೀ ವ್ಯಾಯಾಮ ಮಾಡುತ್ತಿದ್ದರು. ನಿಧಾನವಾಗಿ ಕೈಯೆತ್ತುವುದು, ನಿಧಾನವಾಗಿ ಇಳಿಸುವುದು.

ಆ ಚಲನೆಯ ಹಿಂದೆ ಯಿನ್ ಮತ್ತು ಯಾಂಗ್ ಎಂಬ ಹಳೆಯ ವಿಚಾರವಿದೆ. ಯಿನ್ ಎಂದರೆ ನೆರಳು, ತಂಪು, ವಿಶ್ರಾಂತಿ. ಯಾಂಗ್ ಎಂದರೆ ಬೆಳಕು, ಬಿಸಿ, ಚಟುವಟಿಕೆ. ಇವು ಶತ್ರುಗಳಲ್ಲ. ಒಂದು ತುಂಬಿ ಬಂದಾಗ ಇನ್ನೊಂದು ಅದರೊಳಗಿಂದಲೇ ಮೊಳೆಯುತ್ತದೆ. ಚೀನಾದ ಪ್ರಾಚೀನ ವೈದ್ಯಗ್ರಂಥ ‘ಹುವಾಂಗ್‌ಡಿ ನೇಜಿಂಗ್’ ಋತುವಿಗೆ ತಕ್ಕ ದಿನಚರಿ ಹೇಳುತ್ತದೆ. ಬೇಸಿಗೆಯಲ್ಲಿ ಬೇಗ ಏಳಬೇಕು. ಚಳಿಗಾಲದಲ್ಲಿ ಬೇಗ ಮಲಗಿ, ಬಿಸಿಲು ಬಂದ ಮೇಲೆ ಏಳಬೇಕು. ಅಂದರೆ, ಸಮತೋಲನಕ್ಕೆ ವರ್ಷವಿಡೀ ಒಂದೇ ಅಳತೆಯಿಲ್ಲ.

ಕೋವಿಡ್ ಇಳಿದ ಮೇಲೆ ಎಲ್ಲೆಡೆ ಜನ ಕಳೆದ ದಿನಗಳನ್ನು ದುಡಿದು ತುಂಬಿಕೊಳ್ಳಲು ಹೊರಟರು. ಆದರೆ ಜ್ವರ ಬಿಟ್ಟರೂ ಹಲವರಿಗೆ ತಿಂಗಳುಗಟ್ಟಲೆ ದಣಿವು ಬಿಡಲಿಲ್ಲ. ಅದನ್ನು ಸೋಮಾರಿತನ ಎಂದವರೂ ಇದ್ದರು. ಯಿನ್-ಯಾಂಗ್ ದೃಷ್ಟಿಯಲ್ಲಿ ನೋಡಿದರೆ ಅದು ಮೈಯ ಚಳಿಗಾಲ. ಆ ಹೊತ್ತಿನಲ್ಲಿ ವಿಶ್ರಾಂತಿಯೂ ಒಂದು ಕೆಲಸವೇ.

ನಿಮ್ಮ ಮನೆಯಲ್ಲಿ ಕಾಯಿಲೆಯಿಂದ ಎದ್ದವರಿದ್ದಾರೆಯೇ? ‘ಕೆಲಸಕ್ಕೆ ಯಾವಾಗ?’ ಎನ್ನುವ ಮೊದಲು, ‘ರಾತ್ರಿ ಚೆನ್ನಾಗಿ ನಿದ್ದೆ ಬಂತಾ?’ ಎಂದು ಕೇಳಿ.