ರೋಮ್‌ನಲ್ಲಿ ತಾಮ್ರದ ಕೊಳವೆ



ಕೊಲೆ ಮಾಡಿದವನು ಯಾರೆಂದು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಪತ್ತೇದಾರಿ ಕಾದಂಬರಿಯನ್ನು ಯಾರೂ ಮುಟ್ಟುವುದಿಲ್ಲ. ರೋಮ್‌ನ ಕಥೆಗಳಲ್ಲಿ ಕೊನೆ ಏನೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಪಾಂಪೇ ಬೂದಿಯಡಿ ಹೂತುಹೋಗುತ್ತದೆ, ಸೀಸರ್ ಇರಿತಕ್ಕೆ ಬೀಳುತ್ತಾನೆ, ಸಾಮ್ರಾಜ್ಯ ಉರುಳುತ್ತದೆ. ಆದರೂ ಪ್ರಾಚೀನ ರೋಮ್‌ನಲ್ಲಿ ನಡೆಯುವ ವೈಜ್ಞಾನಿಕ ಥ್ರಿಲ್ಲರ್‌ಗಳಿಗೆ ದಶಕಗಳಿಂದ ಓದುಗರು ಕಡಿಮೆಯಾಗಿಲ್ಲ. ಎದೆ ಡವಗುಟ್ಟಿಸುವ ಸಂಗತಿ ಆ ಪುಸ್ತಕಗಳಲ್ಲಿ ಎಲ್ಲಿರುತ್ತದೆ ಎಂಬುದನ್ನು ಇವತ್ತು ಹುಡುಕೋಣ.

ಮೊದಲು ಒಂದು ಗಡಿಕಥೆ. ರಾಬರ್ಟ್ ಹ್ಯಾರಿಸ್ 2003ರಲ್ಲಿ 'ಪಾಂಪೇ' ಬರೆದರು. ಅದರಲ್ಲಿ ಕಾಲಯಾನವಿಲ್ಲ, ಅನ್ಯಗ್ರಹದವರಿಲ್ಲ, ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಅದು ನಮ್ಮ ವಿಷಯವೇ ಅಲ್ಲ. ನಾಯಕ ಅಟಿಲಿಯಸ್ ಅಕ್ವಾ ಆಗಸ್ಟಾ ಎಂಬ ಮೇಲ್ಗಾಲುವೆಯನ್ನು ನೋಡಿಕೊಳ್ಳುವ ಎಂಜಿನಿಯರ್. ನೀರಿಗೆ ಗಂಧಕದ ವಾಸನೆ ಬರುತ್ತದೆ, ಆಮೇಲೆ ನೀರೇ ನಿಂತುಹೋಗುತ್ತದೆ. ಅವನು ಕಾಲುವೆಯ ಜಾಡು ಹಿಡಿದು ಒಡಕು ಹುಡುಕುತ್ತ ವೆಸೂವಿಯಸ್ ಜ್ವಾಲಾಮುಖಿಯ ಬುಡಕ್ಕೆ ನಡೆಯುತ್ತಾನೆ. ಕಾಣುವ ಲಕ್ಷಣಗಳಿಂದ ಕಾಣದ ಕಾರಣವನ್ನು ತಲುಪುವ ಈ ನಡಿಗೆ ಪೂರಾ ವಿಜ್ಞಾನದ್ದೇ, ಹಾಗಾಗಿ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಅಧ್ಯಾಯದ ತಲೆಯಲ್ಲಿ ಗಂಟೆ ನಮೂದಾಗಿರುತ್ತದೆ. ಅದರ ಅರ್ಥ ಓದುಗನಿಗೆ ಗೊತ್ತು, ಪಾಂಪೇಯ ಅಂಗಡಿಯವನಿಗೆ ಗೊತ್ತಿಲ್ಲ. ಹ್ಯಾರಿಸ್ ಆ ಗಡಿಯಾರವನ್ನು ಕೂಡಿಸಿದ್ದು ಸ್ಫೋಟದ ದಿನವೆಂದು ಬಹುಕಾಲ ಎಲ್ಲರೂ ಒಪ್ಪಿದ್ದ ಆಗಸ್ಟ್ 24ಕ್ಕೆ. 2018ರಲ್ಲಿ ಪಾಂಪೇಯ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಸಾಲು ಸಿಕ್ಕಿತು. ಅದರಲ್ಲಿದ್ದ ತಾರೀಖು ನಮ್ಮ ಲೆಕ್ಕಕ್ಕೆ ಅಕ್ಟೋಬರ್ 17. ಇದ್ದಿಲಿನ ಬರಹ ಹೆಚ್ಚು ದಿನ ಅಳಿಯದೆ ನಿಲ್ಲುವಂಥದ್ದಲ್ಲ. ಹಾಗಾಗಿ ಸ್ಫೋಟ ಅಕ್ಟೋಬರ್ ಕೊನೆಗೆ ಆಗಿರಬೇಕು ಎನ್ನುವವರು ಈಗ ಹೆಚ್ಚಾಗಿದ್ದಾರೆ. ಕಾದಂಬರಿಗೆ ಇದರಿಂದ ಏನೂ ನಷ್ಟವಾಗಿಲ್ಲ.

ಇನ್ನೊಂದು ಬಗೆಯ ಕಥೆಗಳಿವೆ. ಅವುಗಳಲ್ಲಿ ರೋಮ್ ಬರೀ ವೇಷಭೂಷಣ. 'ಸ್ಟಾರ್ ಟ್ರೆಕ್' ಸರಣಿಯ 1968ರ ಒಂದು ಕಂತಿನಲ್ಲಿ ರೋಮನ್ ಸಾಮ್ರಾಜ್ಯ ಬೀಳದೆ ಇಪ್ಪತ್ತನೇ ಶತಮಾನದವರೆಗೂ ಉಳಿದ ಗ್ರಹವೊಂದು ಬರುತ್ತದೆ. ಅಲ್ಲಿ ಗ್ಲಾಡಿಯೇಟರ್‌ಗಳ ಹೋರಾಟ ಟಿ.ವಿ. ಸ್ಟುಡಿಯೋದಲ್ಲಿ ನಡೆಯುತ್ತದೆ, ಚಪ್ಪಾಳೆಯ ಸದ್ದನ್ನು ಗುಂಡಿ ಒತ್ತಿ ಹಾಕುತ್ತಾರೆ. ಟೆಲಿವಿಷನ್ನಿನ ಮೇಲೆ ಟೆಲಿವಿಷನ್ನೇ ಮಾಡಿದ ಆ ಕುಹಕ ನನಗೆ ಇಷ್ಟ. ಆದರೆ ರೋಮ್ ಬಗ್ಗೆ ಅದರಿಂದ ತಿಳಿಯುವಂಥದ್ದು ಏನೂ ಇಲ್ಲ.

ಈಗ ನನ್ನ ಮುಖ್ಯ ಪುಸ್ತಕಕ್ಕೆ ಬರುತ್ತೇನೆ. ಅಮೆರಿಕದ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಬರೆದ 'ಲೆಸ್ಟ್ ಡಾರ್ಕ್‌ನೆಸ್ ಫಾಲ್' 1939ರಲ್ಲಿ ಪತ್ರಿಕೆಯಲ್ಲಿ ಬಂದು, 1941ರಲ್ಲಿ ಹಿಗ್ಗಿ ಪುಸ್ತಕವಾಯಿತು. ಮಾರ್ಟಿನ್ ಪ್ಯಾಡ್ವೇ ಎಂಬ ಪುರಾತತ್ತ್ವಜ್ಞ 1938ರಲ್ಲಿ ರೋಮ್‌ನ ಪ್ಯಾಂಥಿಯನ್ ಎದುರು ನಿಂತಿರುವಾಗ ಸಿಡಿಲು ಹೊಡೆಯುತ್ತದೆ. ಕಣ್ಣು ಬಿಟ್ಟರೆ ಕ್ರಿ.ಶ. 535. ಊರು ಅದೇ, ಪ್ಯಾಂಥಿಯನ್ ಅದೇ. ಆದರೆ ಇಟಲಿಯನ್ನು ಆಳುತ್ತಿರುವವರು ಆಸ್ಟ್ರೋಗಾಥ್‌ ದೊರೆಗಳು. ಅತ್ತ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜಸ್ಟೀನಿಯನ್ ಚಕ್ರವರ್ತಿ ತನ್ನ ದಂಡನಾಯಕ ಬೆಲಿಸಾರಿಯಸ್‌ನನ್ನು ಇಟಲಿಯ ಮೇಲೆ ಕಳಿಸುವ ಹೊತ್ತು. ಇತಿಹಾಸದಲ್ಲಿ ಮುಂದೆ ನಡೆದದ್ದು ಸುಮಾರು ಎರಡು ದಶಕಗಳ ಯುದ್ಧ. 537ರಲ್ಲಿ ಗಾಥ್‌ ದೊರೆ ವಿಟಿಜಿಸ್ ರೋಮ್‌ಗೆ ಮುತ್ತಿಗೆ ಹಾಕಿ ಮೇಲ್ಗಾಲುವೆಗಳನ್ನು ಕಡಿದ. ಹಿಟ್ಟಿನ ಗಿರಣಿಗಳು ಆ ನೀರಿನಿಂದಲೇ ತಿರುಗುತ್ತಿದ್ದವು. ಒಳಗಿದ್ದ ಬೆಲಿಸಾರಿಯಸ್ ಟೈಬರ್ ನದಿಯಲ್ಲಿ ದೋಣಿಗಳನ್ನು ಕಟ್ಟಿ, ಅವುಗಳ ಮೇಲೆ ಗಿರಣಿ ಹೂಡಿ ಊರಿಗೆ ಹಿಟ್ಟು ಕೊಟ್ಟ. ಮುತ್ತಿಗೆ ತೆರವಾದರೂ ನಗರದ ಬಾಳು ಮತ್ತೆ ಕುದುರಲಿಲ್ಲ. ಕೆಲವೇ ವರ್ಷಕ್ಕೆ ಪ್ಲೇಗ್ ಬಂತು. ಪ್ಯಾಡ್ವೇಗೆ ಇದೆಲ್ಲ ಬಾಯಿಪಾಠ. ತಡೆಯುವುದು ಹೇಗೆ?

ಡಿ ಕ್ಯಾಂಪ್‌ಗಿಂತ ಐವತ್ತು ವರ್ಷ ಮೊದಲು, 1889ರಲ್ಲಿ, ಮಾರ್ಕ್ ಟ್ವೇನ್ ತನ್ನ ಕಾದಂಬರಿಯಲ್ಲಿ ಕಾರ್ಖಾನೆಯ ಮೇಸ್ತ್ರಿಯೊಬ್ಬನನ್ನು ಆರನೇ ಶತಮಾನದ ಇಂಗ್ಲೆಂಡಿಗೆ, ಆರ್ಥರ್ ರಾಜನ ಆಸ್ಥಾನಕ್ಕೆ ಕಳಿಸಿದ್ದ. ಆ ಮೇಸ್ತ್ರಿಗೆ ಗ್ರಹಣದ ದಿನಾಂಕ ನೆನಪಿರುತ್ತದೆ, ಟೆಲಿಫೋನ್ ಬರುತ್ತದೆ, ಬಂದೂಕು ಬರುತ್ತದೆ. ಎಲ್ಲ ಬರುತ್ತದೆ. ಟ್ವೇನ್‌ಗೆ ಬೇಕಾಗಿದ್ದದ್ದು ವ್ಯಂಗ್ಯ, ಅವನು ಅದನ್ನು ಪಡೆದ. ಡಿ ಕ್ಯಾಂಪ್ ಎಂಜಿನಿಯರಿಂಗ್ ಓದಿದ ಮನುಷ್ಯ. ಅವನು ಕೇಳಿಕೊಂಡ ಪ್ರಶ್ನೆ ಬೇರೆ: ಕೈಯಲ್ಲಿ ಕಾಸಿಲ್ಲ, ಲ್ಯಾಟಿನ್ ಉಚ್ಚಾರ ವಿಚಿತ್ರ, ಯಾರ ಪರಿಚಯವೂ ಇಲ್ಲ. ನಾಳೆ ಬೆಳಿಗ್ಗೆ ಏನು ಮಾಡುತ್ತೀಯ?

ಪ್ಯಾಡ್ವೇ ಮೊದಲು ಮಾಡುವುದು ಬ್ರಾಂದಿ. ದ್ರಾಕ್ಷಾರಸ ರೋಮ್‌ನಲ್ಲಿ ಹೇರಳ, ಅದನ್ನು ಭಟ್ಟಿ ಇಳಿಸುವುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಭಟ್ಟಿಗೆ ಬೇಕಾದದ್ದು ಒಂದು ಪಾತ್ರೆ, ಒಲೆ, ಆವಿ ತಣಿಯಲು ಸುರುಳಿ ಸುತ್ತಿದ ತಾಮ್ರದ ಕೊಳವೆ. ಕಾದಂಬರಿಯ ಪ್ರಾಣ ಆ ಕೊಳವೆಯಲ್ಲಿದೆ. ಈಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಡಿ ಲೆಕ್ಕದಲ್ಲಿ ತರಬಹುದು. ಆರನೇ ಶತಮಾನದಲ್ಲಿ ತಾಮ್ರದ ಸಣ್ಣ ಕೊಳವೆ ಎಂಬ ಸಿದ್ಧ ಸರಕೇ ಇಲ್ಲ. ಕಂಚುಗಾರನನ್ನು ಹುಡುಕಬೇಕು, ಅವನು ತನ್ನ ಬದುಕಿನಲ್ಲಿ ನೋಡಿರದ ವಸ್ತುವನ್ನು ಅವನಿಗೆ ವಿವರಿಸಬೇಕು, ಮಾಡಿಸಬೇಕು, ಸೋರಿದರೆ ಮತ್ತೆ ಬೆಸೆಯಬೇಕು. ಇದಕ್ಕೆಲ್ಲ ಬಂಡವಾಳ ಬೇಕು. ಆದ್ದರಿಂದ ಕಂಚುಗಾರನಿಗಿಂತ ಮೊದಲು ಸಾಹುಕಾರನ ಬಾಗಿಲು.

ಸಾಹುಕಾರ ಥೊಮಾಸಸ್ ಸಿರಿಯಾದವನು, ಜಿಪುಣ, ಮಾತಿಗೊಮ್ಮೆ ದೇವರನ್ನು ಕರೆಯುವವನು. ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದ ಪಾತ್ರ ಅವನೇ. ಅವನ ಬಡ್ಡಿ ಕೇಳಿದರೆ ಎದೆ ಒಡೆಯಬೇಕು. ಬಡ್ಡಿ ಇಳಿಸಿಕೊಳ್ಳಲು ಪ್ಯಾಡ್ವೇ ಅವನಿಗೆ ಕೊಡುವ ಒಡವೆ ಯಾವುದು ಗೊತ್ತೆ? ನಾವು ಬಳಸುವ ಅಂಕಿಗಳು, ಜೊತೆಗೆ ಡಬಲ್ ಎಂಟ್ರಿ ಲೆಕ್ಕ. ರೋಮನ್ ಅಂಕಿಯಲ್ಲಿ ಎಪ್ಪತ್ತೆಂಟನ್ನು ನಲವತ್ತಮೂರರಿಂದ ಗುಣಿಸಿ ನೋಡಿ. ಕಾಗದದ ಮೇಲೆ ಆಗುವ ಕೆಲಸವಲ್ಲ, ಮಣೆಯ ಮೇಲೆ ಹರಳು ಸರಿಸಬೇಕು. ಸೊನ್ನೆ ಮತ್ತು ಸ್ಥಾನಬೆಲೆ ಬಂದರೆ ಹರಳು ಬೇಡ. ಅರಬರ ಮೂಲಕ ಯೂರೋಪನ್ನು ಮುಟ್ಟಿದ ಈ ಅಂಕಿಗಳ ತವರು ಭಾರತ. ಆರ್ಯಭಟನ 'ಆರ್ಯಭಟೀಯ' ಹುಟ್ಟಿದ್ದು 499ರಲ್ಲಿ. ಸ್ಥಾನಬೆಲೆಯ ಲೆಕ್ಕ ಅವನಿಗೆ ಸಲೀಸು. ಅಂದರೆ ಪ್ಯಾಡ್ವೇ 1938ರಿಂದ ಸಿಡಿಲಿನ ಬೆನ್ನೇರಿ ಹೊತ್ತು ತಂದ ವಿದ್ಯೆ ಅದೇ ವರ್ಷ, ಅದೇ ಭೂಮಿಯ ಮೇಲೆ, ಕೆಲವು ತಿಂಗಳ ಪ್ರಯಾಣದ ದೂರದಲ್ಲಿ ಬಳಕೆಯಲ್ಲಿತ್ತು! ಡಬಲ್ ಎಂಟ್ರಿಯನ್ನು ಲೂಕಾ ಪಾಚಿಯೋಲಿ ಅಚ್ಚಿನ ಪುಸ್ತಕದಲ್ಲಿ ವಿವರಿಸಿದ್ದು 1494ರಲ್ಲಿ, ಅದೂ ಇಟಲಿಯಲ್ಲೇ.

ಬ್ರಾಂದಿ ಗೆಲ್ಲುತ್ತದೆ. ಅಚ್ಚಿನ ಯಂತ್ರ ಬರುತ್ತದೆ. ಅದರ ಬೆನ್ನಿಗೆ ಪತ್ರಿಕೆ ಬರುತ್ತದೆ. ಅಚ್ಚು ಮಾಡಲು ಸಾಕಾಗುವಷ್ಟು ತೊಗಲಹಾಳೆ ಇಲ್ಲ, ಆದ್ದರಿಂದ ಕಾಗದವನ್ನೂ ತಾನೇ ಮಾಡಬೇಕು. ದುರ್ಬೀನು ಇಟ್ಟ ಗೋಪುರಗಳ ಸಾಲಿನಲ್ಲಿ ಸುದ್ದಿ ದಾಟಿಸುವ ತಂತಿಯಿಲ್ಲದ ತಂತಿ ಇಲಾಖೆಯೂ ಶುರುವಾಗುತ್ತದೆ. ಸೋತದ್ದು ಯಾವುದು ನೋಡಿ: ಗಡಿಯಾರ ಮತ್ತು ಮದ್ದಿನ ಪುಡಿ. ಪೆಟ್ಲುಪ್ಪು, ಇದ್ದಿಲು, ಗಂಧಕ, ಇವು ಮೂರು ಎಂದು ಪ್ಯಾಡ್ವೇಗೆ ಗೊತ್ತು. ಎಷ್ಟು ಪಾಲು, ಎಷ್ಟು ನಯ, ಹದ ಯಾವುದು ಎಂಬುದು ಗೊತ್ತಿಲ್ಲ. ಅವನ ಮದ್ದು ಬುಸ್ಸೆಂದು ಉರಿಯುತ್ತದೆಯೇ ಹೊರತು ಸಿಡಿಯುವುದಿಲ್ಲ. ಯುದ್ಧದ ಕಾದಂಬರಿಯಲ್ಲಿ ನಾಯಕನ ಕೈಗೆ ತೋಪು ಕೊಡದೆ ಜಮಾಖರ್ಚಿನ ಪುಸ್ತಕ ಕೊಟ್ಟು ಕಳಿಸಿದ ಲೇಖಕನ ಧೈರ್ಯವನ್ನು ಮೆಚ್ಚಲೇಬೇಕು. ಗಾಥರ ಈಟಿಗಿಂತ, ಬೆಲಿಸಾರಿಯಸ್‌ನ ದಂಡಿಗಿಂತ ಪ್ಯಾಡ್ವೇಯನ್ನು ಹೆಚ್ಚು ಕಾಡುವ ಶತ್ರು ಇದು: ತಲೆಯಲ್ಲಿರುವುದನ್ನು ಮಾಡಿಕೊಡಬಲ್ಲ ಇನ್ನೊಬ್ಬನ ಕೈ ಊರಿನಲ್ಲಿ ಇಲ್ಲ. ಈ ಬಗೆಯ ಕಥೆಗಳಲ್ಲಿ ಉಸಿರು ಬಿಗಿ ಹಿಡಿಸುವುದು ಈ ಕೊರತೆಯೇ ಎಂಬುದು ನನ್ನ ವಾದ.

ಇಲ್ಲೊಂದು ಕಾಕತಾಳೀಯವಿದೆ. ಕತ್ತಲೆಯನ್ನು ಹೆಸರಲ್ಲೇ ಹೊತ್ತ ಈ ಕಾದಂಬರಿಯ ಕಥೆ ಶುರುವಾಗುವ ವರ್ಷದ ಮರುವರ್ಷ, ಅಂದರೆ 536ರಲ್ಲಿ, ನಿಜವಾಗಿಯೇ ಕತ್ತಲೆ ಕವಿಯಿತು. ವರ್ಷವಿಡೀ ಸೂರ್ಯ ಚಂದ್ರನ ಹಾಗೆ ಮಂಕಾಗಿದ್ದ ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ದಾಖಲಿಸಿದ್ದಾನೆ. ನಡುಮಧ್ಯಾಹ್ನ ಮೈಗೆ ನೆರಳು ಬೀಳುವುದಿಲ್ಲವೆಂದು ಇಟಲಿಯ ಮಂತ್ರಿ ಕ್ಯಾಸಿಯೊಡೋರಸ್ ಪತ್ರದಲ್ಲಿ ಬೆರಗುಪಟ್ಟಿದ್ದಾನೆ. ಮರದ ಉಂಗುರಗಳನ್ನೂ ಧ್ರುವದ ಹಿಮದ ಪದರಗಳನ್ನೂ ಓದಿದ ವಿಜ್ಞಾನಿಗಳು ಇದಕ್ಕೆ ಕಾರಣ ಉತ್ತರದಲ್ಲೆಲ್ಲೋ ಸಿಡಿದ ಭಾರೀ ಜ್ವಾಲಾಮುಖಿ ಎಂದು ತೋರಿಸಿದ್ದು ಡಿ ಕ್ಯಾಂಪ್ ಬರೆದ ಎಷ್ಟೋ ಕಾಲದ ಮೇಲೆ. ಬೆಳೆ ಕೆಟ್ಟ ವರ್ಷದಲ್ಲಿ ಪತ್ರಿಕೆ ಅಚ್ಚು ಹಾಕುವ ಪ್ಯಾಡ್ವೇಯ ಗತಿಯೇನು? ಇವತ್ತು ಆ ಕಾದಂಬರಿ ಬರೆಯುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಪ್ಯಾಡ್ವೇಯಾದರೂ ಹತ್ತು ವಿದ್ಯೆ ಬಲ್ಲವನು. ಏನೂ ಮಾಡಲು ಬಾರದವರು ಹೋದರೆ? ಜೂಡಿತ್ ಟಾರ್ ಮತ್ತು ಹ್ಯಾರಿ ಟರ್ಟಲ್‌ಡವ್ ಸೇರಿ 1999ರಲ್ಲಿ 'ಹೌಸ್‌ಹೋಲ್ಡ್ ಗಾಡ್ಸ್' ಬರೆದರು. ಲಾಸ್ ಏಂಜಲೀಸ್‌ನ ವಕೀಲೆ ನಿಕೋಲ್, ಗಂಡನಿಂದ ಬೇರೆಯಾಗಿ ಮಕ್ಕಳನ್ನು ಸಾಕುತ್ತ ಹೈರಾಣಾದವಳು. ಹಳೆಯ ಕಾಲವೇ ಚೆನ್ನಾಗಿತ್ತೆಂದು ಲೀಬರ್ ಮತ್ತು ಲೀಬೆರಾ ಎಂಬ ರೋಮನ್ ದೇವತೆಗಳಿಗೆ ಬೇಡಿಕೊಳ್ಳುತ್ತಾಳೆ. ಎದ್ದರೆ ಎರಡನೇ ಶತಮಾನ, ಡ್ಯಾನ್ಯೂಬ್ ದಡದ ಕಾರ್ನುಂಟಮ್ ಪಟ್ಟಣ, ಹೆಂಡದಂಗಡಿ ನಡೆಸುವ ವಿಧವೆಯೊಬ್ಬಳ ಮೈ. ಮದ್ಯ ಕೆಟ್ಟದ್ದೆಂದು ನಂಬಿದ ನಿಕೋಲ್ ನೀರು ಕುಡಿಯುತ್ತಾಳೆ, ಹೊಟ್ಟೆ ಕೆಟ್ಟು ಹಾಸಿಗೆ ಹಿಡಿಯುತ್ತಾಳೆ. ಅಂಗಡಿಯ ದಾಸಿಯನ್ನು ಬಿಡುಗಡೆ ಮಾಡಿದರೆ ಬಂಧುಗಳು ಕೆರಳುತ್ತಾರೆ. ಮುಖಕ್ಕೆ ಬಳಿಯುವ ಬಿಳಿ ಪುಡಿಯಲ್ಲಿ ಸೀಸ, ತಲೆಯಲ್ಲಿ ಹೇನು, ಊರಲ್ಲಿ ಮಹಾಮಾರಿ, ಬಾಗಿಲಲ್ಲಿ ಜರ್ಮನ್ ಬುಡಕಟ್ಟಿನವರ ದಾಳಿ. ಪುಸ್ತಕ ಅನಗತ್ಯವಾಗಿ ದಪ್ಪ, ಮೊದಲ ನೂರು ಪುಟದಲ್ಲಿ ಆಕೆಯ ಗೊಣಗಾಟ ಸಹಿಸಬೇಕು. ಆದರೆ ಸೈನಿಕನೊಬ್ಬ ಎಸಗಿದ ಅಪರಾಧಕ್ಕೆ ನ್ಯಾಯ ಕೇಳಿ ಅವಳು ಸ್ವತಃ ಮಾರ್ಕಸ್ ಅರೀಲಿಯಸ್ ಚಕ್ರವರ್ತಿಯ ಮುಂದೆ ನಿಲ್ಲುವ ಪ್ರಸಂಗ ಬಂದಾಗ ನಾನು ಪುಸ್ತಕ ಕೆಳಗಿಡಲಿಲ್ಲ. ಅವಳಿಗೆ ಗೊತ್ತಿದ್ದ ಒಂದೇ ಕಸುಬು ವಾದ ಮಾಡುವುದು. ಅದಕ್ಕೆ ತಾಮ್ರದ ಕೊಳವೆ ಬೇಕಾಗಿಲ್ಲ. ಆ ತತ್ವಜ್ಞಾನಿ ದೊರೆ ಕಾರ್ನುಂಟಮ್‌ನಲ್ಲಿ ಬೀಡುಬಿಟ್ಟಿದ್ದದ್ದು, ತನ್ನ ಚಿಂತನೆಗಳ ಒಂದು ಭಾಗವನ್ನು ಅಲ್ಲೇ ಬರೆದದ್ದು ನಿಜ.

ಪೌಲ್ ಆಂಡರ್ಸನ್ನನ 'ಡೆಲೆಂಡಾ ಎಸ್ಟ್' (1955) ನಮ್ಮ ಪಟ್ಟಿಯಲ್ಲಿ ಶುದ್ಧ ಥ್ರಿಲ್ಲರ್. ಕಾಲದ ಪಹರೆಯವರು ನ್ಯೂಯಾರ್ಕಿಗೆ ಬಂದಿಳಿದರೆ ನ್ಯೂಯಾರ್ಕೇ ಇಲ್ಲ. ಕ್ರಿ.ಪೂ. 218ರ ಟಿಸಿನಸ್ ಕಾಳಗದಲ್ಲಿ ಯಾರೋ ತಲೆಹಾಕಿ ರೋಮನ್ ದಂಡನಾಯಕ ಸ್ಕಿಪಿಯೋನನ್ನೂ ಅವನ ಮಗನನ್ನೂ ಕೊಲ್ಲಿಸಿದ್ದಾರೆ, ಕಾರ್ಥೇಜಿನ ದಂಡನಾಯಕ ಹ್ಯಾನಿಬಲ್ ಗೆದ್ದಿದ್ದಾನೆ, ರೋಮ್ ನಾಮಾವಶೇಷ. ಪತ್ತೇದಾರಿಕೆ ಚುರುಕಾಗಿದೆ, ಒಂದೇ ಕೂತಿನಲ್ಲಿ ಮುಗಿಯುತ್ತದೆ.

ಇಂಥ ಕಲ್ಪನೆ ರೋಮನ್ನರಿಗೇ ಹೊಸದೇನಲ್ಲ. ಎರಡನೇ ಶತಮಾನದಲ್ಲಿ ಯೂಫ್ರೆಟಿಸ್ ದಡದ ಲೂಸಿಯನ್ ಗ್ರೀಕ್‌ನಲ್ಲಿ ಬರೆದ 'ನಿಜಕಥೆ'ಯಲ್ಲಿ ಹಡಗೊಂದು ಸುಂಟರಗಾಳಿಗೆ ಸಿಕ್ಕಿ ಚಂದ್ರನನ್ನು ಸೇರುತ್ತದೆ. ಅಲ್ಲಿ ಚಂದ್ರಲೋಕಕ್ಕೂ ಸೂರ್ಯಲೋಕಕ್ಕೂ ಯುದ್ಧ. ಬರೆಯುವುದೆಲ್ಲ ಸುಳ್ಳು ಎಂದು ಲೇಖಕ ಮೊದಲೇ ಒಪ್ಪಿಕೊಂಡಿದ್ದಾನೆ. ಅದಕ್ಕಿಂತ ಗಂಭೀರವಾದದ್ದು ಟೈಬೀರಿಯಸ್ ಚಕ್ರವರ್ತಿಯ ಕಥೆ.  ಒಬ್ಬ ಕುಶಲಕರ್ಮಿ ಒಡೆಯದ ಗಾಜಿನ ಪಾತ್ರೆ ತಂದು ನೆಲಕ್ಕೆ ಬಡಿದ. ಪಾತ್ರೆ ನಗ್ಗಿತು, ಒಡೆಯಲಿಲ್ಲ. ಸುತ್ತಿಗೆಯಿಂದ ನಗ್ಗು ತೆಗೆದು ಕೊಟ್ಟ. ಈ ಗುಟ್ಟು ಬೇರೆ ಯಾರಿಗಾದರೂ ಗೊತ್ತೇ ಎಂದು ದೊರೆ ಕೇಳಿದ, ಇಲ್ಲವೆಂದಾಗ ತಲೆ ಹಾರಿಸಿದ. ಇಂಥ ಗಾಜು ಬಂದರೆ ಚಿನ್ನದ ಬೆಲೆ ಬಿದ್ದುಹೋಗುತ್ತದಂತೆ. ರೋಮನ್ ಲೇಖಕ ಪೆಟ್ರೋನಿಯಸ್ ತನ್ನ ಕಾದಂಬರಿಯಲ್ಲಿ ಇದನ್ನು ಹೇಳಿಸಿದ್ದು ಔತಣದ ಹರಟೆಯಲ್ಲಿ, ವಿಶ್ವಕೋಶ ಬರೆದ ಪ್ಲಿನಿ ಇದನ್ನು ಪೂರಾ ನಂಬಿದವನಲ್ಲ. ಇನ್ನು ವೆಸ್ಪೇಸಿಯನ್ ಚಕ್ರವರ್ತಿ: ಭಾರೀ ಕಂಬಗಳನ್ನು ಅಗ್ಗದಲ್ಲಿ ಸಾಗಿಸುವ ಉಪಾಯ ತಂದವನಿಗೆ ಬಹುಮಾನ ಕೊಟ್ಟು, ಬಡವರ ಕೂಲಿ ಹೋಗುತ್ತದೆಂದು ಉಪಾಯವನ್ನು ಮಾತ್ರ ಬಳಸಲಿಲ್ಲ ಎಂದು ಚಕ್ರವರ್ತಿಗಳ ಚರಿತ್ರೆಕಾರ ಸ್ಯೂಟೋನಿಯಸ್ ಬರೆಯುತ್ತಾನೆ.

ಗುಲಾಮರಿದ್ದ ಕಡೆ ಯಂತ್ರ ಬೆಳೆಯದು ಎಂದು ಇವುಗಳನ್ನು ಹಿಡಿದು ವಾದಿಸುವವರಿದ್ದಾರೆ. ನನಗೆ ಅದು ಅತಿ ಸರಳ ಎನಿಸುತ್ತದೆ. ಫ್ರಾನ್ಸಿನ ಆರ್ಲ್ ಬಳಿ ಬಾರ್ಬೆಗಾಲ್‌ನಲ್ಲಿ ಹದಿನಾರು ನೀರಗಾಲಿಗಳು ಗುಡ್ಡದಿಳಿಜಾರಿನಲ್ಲಿ ಸಾಲಾಗಿ ಹಿಟ್ಟು ಬೀಸುತ್ತಿದ್ದವು. ಅದೂ ರೋಮನ್ನರದೇ ಕೆಲಸ.

ವಿಲಿಯಂ ಗೋಲ್ಡಿಂಗ್ ಈ ಗಂಟನ್ನು ಹಿಡಿದು 'ಎನ್ವಾಯ್ ಎಕ್ಸ್‌ಟ್ರಾಆರ್ಡಿನರಿ' ಎಂಬ ನೀಳ್ಗತೆ ಬರೆದದ್ದು 1956ರಲ್ಲಿ. ಫಾನೊಕ್ಲಿಸ್ ಎಂಬ ಗ್ರೀಕ್ ಸಂಶೋಧಕ ಮುದಿ ಚಕ್ರವರ್ತಿಯ ಮುಂದೆ ಉಗಿಹಡಗು, ಸ್ಫೋಟಕ, ಅಚ್ಚಿನ ಯಂತ್ರ, ಪ್ರೆಷರ್ ಕುಕರ್ ತಂದಿಡುತ್ತಾನೆ. ಇಲ್ಲಿ ಕೈಗಳ ಕೊರತೆಯಿಲ್ಲ, ಎಲ್ಲವೂ ಕೆಲಸ ಮಾಡುತ್ತವೆ. ಅಪಾಯ ಹುಟ್ಟುವುದೇ ಅಲ್ಲಿಂದ. ಉಗಿಹಡಗು ಬಂದರೆ ಹುಟ್ಟು ಹಾಕುವ ಗುಲಾಮರ ಗತಿಯೇನು? ಅಚ್ಚಿನ ಯಂತ್ರಕ್ಕೆ ಮೊದಲು ಹಿಗ್ಗಿದ ದೊರೆ, ಸಾಮ್ರಾಜ್ಯದ ಪ್ರತಿಯೊಬ್ಬನೂ ಆತ್ಮಕಥೆ ಬರೆದರೆ ತಾನು ಓದಬೇಕಾದೀತೆಂದು ಬೆಚ್ಚುತ್ತಾನೆ. ಕೊನೆಗೆ ಕುಕರ್ ಒಂದನ್ನು ಮಾತ್ರ ಮೆಚ್ಚಿ ಇಟ್ಟುಕೊಂಡು, ಮದ್ದು ಮತ್ತು ಅಚ್ಚಿನ ಸಮೇತ ಫಾನೊಕ್ಲಿಸ್‌ನನ್ನು ರಾಯಭಾರಿಯಾಗಿ ಚೀನಾಕ್ಕೆ ಸಾಗಹಾಕುತ್ತಾನೆ. ಆ ಎರಡೂ ಲೋಕಕ್ಕೆ ಬಂದದ್ದು ಎಲ್ಲಿಂದ ಎಂದು ನಿಮಗೆ ಹೇಳಬೇಕಾಗಿಲ್ಲ.

ಈ ಪುಸ್ತಕಗಳಲ್ಲಿ ಯಾವುದರಿಂದ ಶುರು ಮಾಡುವುದೆಂದು ಕೇಳುವವರಿಗೆ: ಡಿ ಕ್ಯಾಂಪ್‌ನಿಂದ. ಪುಸ್ತಕ ತೆಳ್ಳಗಿದೆ. ಅದರ ಪ್ರೇಮಪ್ರಸಂಗಗಳು ಪೇಲವ, ಹಾರಿಸಿ ಓದಿದರೂ ಕಥೆ ಕೆಡುವುದಿಲ್ಲ. ಥೊಮಾಸಸ್ ಬರುವ ಪುಟಗಳನ್ನು ಮಾತ್ರ ಬಿಡಬೇಡಿ.